ತಿರುಗಿ ಹೇಳುವ ಕ್ಯಾಪ್ಟನ್

ಎದೆ ನಲವತ್ತು, ಸೊಂಟ ಮೂವತ್ತಾರು, ತೋಳು ಇಪ್ಪತ್ತನಾಲ್ಕೂವರೆ. ಎತ್ತರ ಸಾಧಾರಣ, ಕುತ್ತಿಗೆ ಗಿಡ್ಡ. ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕೆಳಗೆ. ಒಟ್ಟಾರೆ ನೋಡಿದರೆ ಮಧ್ಯಮ ದರ್ಜೆಯ ಮಾಲು. ಗಾಜಿನ ಬೀರುವಿನಲ್ಲಿ ದೀಪ ಹಾಕಿ ತೋರಿಸುವಂಥದ್ದಲ್ಲ, ಹಾಗಂತ ಕೆಳಗಿನ ಖಾನೆಗೆ ತಳ್ಳುವಂಥದ್ದೂ ಅಲ್ಲ. ಒಗೆದರೆ ಕುಗ್ಗುವುದಿಲ್ಲ ಎಂದು ಮುಟ್ಟಿದ ತಕ್ಷಣ ಗೊತ್ತಾಗುತ್ತದೆ. ಬಣ್ಣ ಬಿಡುತ್ತದೋ ಇಲ್ಲವೋ ಎಂಬುದು ಮಾತ್ರ ಮೊದಲ ದಿನ ಯಾವ ವ್ಯಾಪಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಕಾಯಬೇಕು. ನಾನು ಇಪ್ಪತ್ತೆರಡು ವರ್ಷ ಕಾದೆ.

ನನ್ನದು ಸಮವಸ್ತ್ರದ ಅಂಗಡಿ. ವಿಮಾನ ನಿಲ್ದಾಣದ ಸಿಬ್ಬಂದಿ ಗೇಟಿನ ಎದುರಿಗೆ, ರಸ್ತೆ ದಾಟಿದರೆ ಮೂರನೆಯ ಶಟರು. ಕಾವಲುಗಾರರು, ಸಾಮಾನು ಎತ್ತುವವರು, ನರ್ಸುಗಳು, ಪೈಲಟ್‌ಗಳು ಎಲ್ಲರೂ ನನ್ನ ಟೇಪಿನ ಕೆಳಗೆ ಕೈಯೆತ್ತಿ ನಿಂತವರೇ. ಕೈಯೆತ್ತಿ ನಿಂತ ಮನುಷ್ಯನನ್ನು ಹತ್ತಿರದಿಂದ ನೋಡಿದವರಿಗೆ ಅವನ ಪಟ್ಟಿ, ಪದಕಗಳ ಮೇಲೆ ಹೆಚ್ಚು ಭಯಭಕ್ತಿ ಉಳಿಯುವುದಿಲ್ಲ. ಪೈಲಟ್‌ಗಳ ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿಗಳಿರುತ್ತವಲ್ಲ, ಮೂರಿದ್ದರೆ ಪಕ್ಕದಲ್ಲಿ ಕೂರುವ ಸಹಪೈಲಟ್, ನಾಲ್ಕಿದ್ದರೆ ಕ್ಯಾಪ್ಟನ್. ಆ ನಾಲ್ಕನೆಯ ಪಟ್ಟಿಗೆ ಜನ ಹತ್ತು ಹನ್ನೆರಡು ವರ್ಷ ಕಾಯುತ್ತಾರೆ. ನನ್ನ ಟೈಲರಿಗೆ ಅದನ್ನು ಹೊಲಿಯಲು ನಾಲ್ಕು ನಿಮಿಷ ಸಾಕು.

ಮೊದಲು ಹೇಳಿದ ಅಳತೆ ಅಂಥ ಒಬ್ಬ ಕ್ಯಾಪ್ಟನ್ನರದು. ಅವರ ಎಡಭುಜ ಇಳಿದದ್ದು ಚೀಲದಿಂದ. ಹಿಂದೆ ಪೈಲಟ್‌ಗಳು ನಕ್ಷೆ, ಪುಸ್ತಕ ಎಲ್ಲವನ್ನೂ ಇಟ್ಟಿಗೆ ತುಂಬಿದಷ್ಟು ಭಾರದ ಚರ್ಮದ ಚೀಲದಲ್ಲಿ ಹೊತ್ತು ತಿರುಗುತ್ತಿದ್ದರು. ಈಗ ಎಲ್ಲ ಒಂದು ಟ್ಯಾಬ್ಲೆಟ್ಟಿನೊಳಗೆ ಕೂತಿದೆ. ಚೀಲ ಹೋಗಿ ವರ್ಷಗಳಾದವು. ಭುಜಕ್ಕೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

ಬೀದಿಯಲ್ಲಿ ಇವರಿಗೆ ‘ಇನ್ನೊಂದ್ಸಲ ಸಾಹೇಬ್ರು’ ಎಂದು ಹೆಸರು. ಅದಕ್ಕೆ ಕಾರಣ ಇವರ ಕಸುಬಿನ ಒಂದು ಪದ್ಧತಿ. ಕೆಳಗಿನ ಟವರಿನವರು ರೇಡಿಯೋದಲ್ಲಿ ಏನೇ ಹೇಳಲಿ, ಮೇಲಿರುವ ಪೈಲಟ್ ಅದನ್ನೇ ತಿರುಗಿ ಹೇಳಬೇಕು. ಕೆಳಗಿನವರು ಕೇಳಿಸಿಕೊಂಡು ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡರೆ ಮಾತ್ರ ಅದು ಮಾತು. ಇಲ್ಲದಿದ್ದರೆ ಬರೀ ಗಾಳಿ. ಉಳಿದ ಪೈಲಟ್‌ಗಳು ಈ ಪದ್ಧತಿಯನ್ನು ವಿಮಾನದಲ್ಲೇ ಬಿಟ್ಟು ಇಳಿಯುತ್ತಾರೆ. ಇವರು ಮನೆಗೂ ತಂದರು, ನನ್ನ ಅಂಗಡಿಗೂ ತಂದರು. ‘ಗುರುವಾರ ಬನ್ನಿ ಸಾರ್, ಮೂರು ಶರ್ಟು ರೆಡಿ ಇರುತ್ತೆ’ ಎಂದರೆ ಸಾಕು, ‘ಗುರುವಾರ, ಮೂರು ಶರ್ಟು, ಅರ್ಧ ತೋಳು. ಸರಿಯೇ?’ ಎಂದು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದರು. ಗೊಣಗಿದರೆ, ‘ಇನ್ನೊಂದ್ಸಲ ಹೇಳಿ.’ ಗುರುವಾರ ಎಂದು ಬಾಯಲ್ಲಿ ಹೇಳಿ ಶನಿವಾರ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನಮ್ಮ ವ್ಯಾಪಾರದ ಅರ್ಧ ಬಂಡವಾಳ. ಇವರೆದುರು ಅದು ನಡೆಯುತ್ತಿರಲಿಲ್ಲ. ಊರಿಗೆಲ್ಲ ಶನಿವಾರ ಕೊಡುವ ನಾನು ಇವರೊಬ್ಬರಿಗೆ ಗುರುವಾರ ಕೊಡುತ್ತಿದ್ದೆ.

ಇವರ ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡುವವರು, ನಗುಮುಖದ ಹೆಣ್ಣುಮಗಳು. ನನ್ನ ಹೆಂಡತಿಯ ಹತ್ತಿರ ಒಮ್ಮೆ ಹೇಳಿದರಂತೆ: “ಮದ್ವೆ ಆದ ಹೊಸದ್ರಲ್ಲಿ, ನೀವಂದ್ರೆ ನಂಗೆ ತುಂಬಾ ಇಷ್ಟ ಅಂದೆ. ‘ನಾನಂದ್ರೆ ನಿಂಗೆ ತುಂಬಾ ಇಷ್ಟ, ಸರಿಯೇ?’ ಅಂತ ಕೇಳಿದ್ರು. ಸರಿ ಅಂದೆ. ಅದಾದ್ಮೇಲೆ ಇನ್ನೇನು ಮಾತಿರುತ್ತೆ ಹೇಳಿ?” ಹೇಳುವಾಗ ಅವರ ಮುಖದಲ್ಲಿ ದೂರು ಇರಲಿಲ್ಲವಂತೆ.

ಇಂಥ ಮನುಷ್ಯ ಒಂದೇ ದೊಡ್ಡ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಹಾರಿಸಿದರು. ಅಲ್ಲಿ ಪ್ರತಿಯೊಬ್ಬ ಪೈಲಟ್‌ಗೂ ಒಂದು ನಂಬರು. ಸೇರಿದ ದಿನಾಂಕದ ಪ್ರಕಾರ ಸಾಲು, ಮೇಲಿನವರು ನಿವೃತ್ತರಾದ ಹಾಗೆ ಕೆಳಗಿನವರು ಒಂದೊಂದೇ ಮೆಟ್ಟಿಲು ಹತ್ತಬೇಕು. ರಜೆ, ಒಳ್ಳೆಯ ಹಾದಿ, ಬಡ್ತಿ ಎಲ್ಲವೂ ಆ ನಂಬರಿನ ಮೇಲೆ. ಇವರದು ನಲವತ್ತೊಂದು. ತಮ್ಮ ವಯಸ್ಸನ್ನು ಕೇಳಿದರೆ ಒಂದು ಗಳಿಗೆ ಯೋಚಿಸಿ ಹೇಳುತ್ತಿದ್ದ ಇವರು ನಂಬರನ್ನು ನಿದ್ದೆಯಲ್ಲೂ ಹೇಳುತ್ತಿದ್ದರು.

ಆಮೇಲೆ ಒಂದು ವರ್ಷ ದೊಡ್ಡ ಕಂಪನಿಗೆ ಬುದ್ಧಿ ಬಂತು. ಸಣ್ಣ ಊರುಗಳಿಗೆ ಹೋಗುವ ಸಣ್ಣ ವಿಮಾನಗಳನ್ನೆಲ್ಲ ತಾನೇ ಯಾಕೆ ಹಾರಿಸಬೇಕು, ಹೊರಗಿನವರಿಗೆ ಗುತ್ತಿಗೆ ಕೊಟ್ಟರೆ ಅಗ್ಗವಲ್ಲವೇ ಎಂದು ಲೆಕ್ಕ ಹಾಕಿತು. ವ್ಯಾಪಾರಿಯಾಗಿ ನಾನು ಅದನ್ನು ತಪ್ಪು ಎನ್ನಲಾರೆ. ನಾನೂ ಗುಂಡಿ ಹಾಕುವ ಕೆಲಸವನ್ನು ಹೊರಗೆ ಕೊಟ್ಟವನೇ. ವಿಮಾನದ ಬಣ್ಣ ಅದೇ ಉಳಿಯಿತು, ಟಿಕೆಟ್ಟಿನ ಮೇಲಿನ ಹೆಸರೂ ಅದೇ. ಒಳಗೆ ಕೂತು ಹಾರಿಸುವವರು ಮಾತ್ರ ಬೇರೆ ಕಂಪನಿಯವರಾದರು. ಸಣ್ಣ ವಿಮಾನಗಳ ಪೈಲಟ್‌ಗಳಿಗೆಲ್ಲ ಕಾಗದ ಬಂತು: ಬೇಕಿದ್ದರೆ ಗುತ್ತಿಗೆ ಕಂಪನಿಗೆ ಹೊಸದಾಗಿ ಅರ್ಜಿ ಹಾಕಿಕೊಳ್ಳಿ, ನಿಮ್ಮ ಅನುಭವವನ್ನು ಗೌರವಿಸಲಾಗುವುದು.

ಗೌರವಿಸಿದರು. ಐವತ್ತೆರಡು ವರ್ಷದ ಮನುಷ್ಯನಿಗೆ ನಾಲ್ಕು ಪಟ್ಟಿಯನ್ನು ಹಾಗೆಯೇ ಬಿಟ್ಟು, ಮೂರನೆಯ ಒಂದು ಪಾಲು ಸಂಬಳ ಕಡಿಮೆ ಮಾಡಿ, ವರ್ಷವರ್ಷಕ್ಕೆ ನವೀಕರಿಸುವ ಒಪ್ಪಂದ ಕೊಟ್ಟರು. ನಂಬರು ನೂರ ಎಂಬತ್ತೇಳು.

ಸಮವಸ್ತ್ರವನ್ನು ಅವರವರೇ ಕೊಳ್ಳಬೇಕು ಎಂದು ಗುತ್ತಿಗೆ ಕಂಪನಿಯ ನಿಯಮ. ನನಗೆ ಲಾಭವಾಯಿತು, ಸುಳ್ಳು ಯಾಕೆ ಹೇಳಲಿ. ಇವರು ಹೊಸ ಕೋಟು ಹೊಲಿಸಲಿಲ್ಲ. ಹಳೆಯ ಕೋಟನ್ನೇ ತಂದು ಎದೆಯ ಮೇಲಿನ ಬ್ಯಾಡ್ಜ್ ಬಿಚ್ಚಿ ಹೊಸದನ್ನು ಹಾಕಿಕೊಡಿ ಎಂದರು. ಟೈಲರು ದಾರ ಬಿಚ್ಚಿದಾಗ ಕೆಳಗಿನ ಬಟ್ಟೆ ಮೊದಲ ದಿನದ ಕಡುನೀಲಿಯಾಗಿಯೇ ಇತ್ತು, ಸುತ್ತಲಿನ ಕೋಟು ಬಿಸಿಲಿಗೆ ಮಾಸಿತ್ತು. ಹೊಸ ಬ್ಯಾಡ್ಜ್ ಅಳತೆಯಲ್ಲಿ ಚಿಕ್ಕದು. ಎಷ್ಟು ಎಳೆದು ಹೊಲಿದರೂ ಸುತ್ತ ಒಂದು ಕಡುನೀಲಿ ಅಂಚು ಉಳಿದುಕೊಂಡಿತು. ಟೈಲರು ಮುಖ ಸಣ್ಣದು ಮಾಡಿಕೊಂಡು ತೋರಿಸಿದರೆ, ಇವರು ಕನ್ನಡಿ ನೋಡಿಕೊಂಡು, “ಇರ್ಲಿ ಬಿಡಿ, ಬಾರ್ಡರ್ ಹಾಕಿಸ್ದಂಗಿದೆ” ಎಂದರು.

ಇನ್ನು ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಇನ್ನೊಬ್ಬರ ಕಥೆ ಹೇಳುತ್ತಿರುವಂತೆ ನಟಿಸಿದ್ದೇ ಅಲ್ಲಿಗೆ ಬರಲು.

ಅವಳು ಐದು ವರ್ಷದವಳಿದ್ದಾಗಿನಿಂದ ಇವರನ್ನು ಬಲ್ಲಳು. ಅಳತೆ ಕೊಡಲು ಬಂದರೆ ಗುಂಡಿಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಲ್ಲುವವಳು. ಇವರನ್ನು ಮಾಮ ಎಂದು ಕರೆದಳು, ಇವರ ಭುಜದ ಪಟ್ಟಿ ನೋಡಿಯೇ ಪೈಲಟ್ ಆಗುತ್ತೇನೆಂದು ಹಟ ಹಿಡಿದಳು. ಅಂಗಡಿಯ ಹಿಂದಿದ್ದ ನನ್ನ ಗೋದಾಮು ಮಾರಿಹೋಗಿ ಅವಳ ಲೈಸೆನ್ಸ್ ಆಯಿತು. ಲೈಸೆನ್ಸ್ ಬರುವ ಹೊತ್ತಿಗೆ ದೊಡ್ಡ ಕಂಪನಿ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಎರಡು ವರ್ಷ ಅವಳು ನನ್ನ ಕೌಂಟರಿನಲ್ಲಿ ಕೂತು, ತನ್ನ ಜೊತೆಯವರ ಭುಜಕ್ಕೆ ಪಟ್ಟಿ ಮಾರಿದಳು. ಒಂದು ದಿನವೂ ಮುಖ ಕೆಡಿಸಿಕೊಳ್ಳಲಿಲ್ಲ. ತುಂಬ ಒಳ್ಳೆಯ ಹುಡುಗಿ, ಎದುರು ಮಾತಾಡುವುದಿಲ್ಲ, ಹಿರಿಯರೆಂದರೆ ಮರ್ಯಾದೆ ಎಂದು ನಾನು ಕಂಡವರ ಹತ್ತಿರವೆಲ್ಲ ಹೊಗಳುತ್ತಿದ್ದೆ.

ಗುತ್ತಿಗೆ ಕಂಪನಿ ಹೊಸ ಪೈಲಟ್‌ಗಳಿಗೆ ಕರೆ ಕೊಟ್ಟಿತು. ತರಬೇತಿಯ ಖರ್ಚು ಅರ್ಜಿದಾರರದೇ, ಮೂರು ವರ್ಷ ಬಿಟ್ಟುಹೋಗುವಂತಿಲ್ಲ ಎಂದು ಬರೆದುಕೊಡಬೇಕು, ಆದರೂ ಒಂದು ಸೀಟಿಗೆ ನಲವತ್ತು ಅರ್ಜಿ. ಕೊನೆಯ ಪರೀಕ್ಷೆ ಸಿಮ್ಯುಲೇಟರಿನಲ್ಲಿ. ಕಬ್ಬಿಣದ ಕಾಲಿನ ಮೇಲೆ ನಿಂತ ಒಂದು ಡಬ್ಬಿ, ಒಳಗೆ ಹೋದರೆ ಥೇಟು ವಿಮಾನ. ಕಿಟಕಿಯಲ್ಲಿ ಮೋಡವೂ ಕಾಣುತ್ತದೆ, ಬೆಟ್ಟವೂ ಕಾಣುತ್ತದೆ. ಅದರಲ್ಲಿ ಹೊಸಬರ ಪಕ್ಕ ಕೂತು ಪರೀಕ್ಷೆ ಮಾಡುವ ಕೆಲಸವನ್ನು ಕಂಪನಿ ಯಾರಿಗೆ ಕೊಟ್ಟಿದೆ ಎಂದು ಗೊತ್ತಾದ ದಿನ ನನಗೆ ಎರಡು ತುತ್ತು ಹೆಚ್ಚು ಸೇರಿತು. ನಮ್ಮ ಮಾಮನಿಗೆ.

ಅವರು ಆ ವಾರ ಶರ್ಟು ತೆಗೆದುಕೊಂಡು ಹೋಗಲು ಬಂದಾಗ ಮಗಳು ಬ್ಯಾಂಕಿಗೆ ಹೋಗಿದ್ದಳು. ನಾನು ನಾಲ್ಕು ಶರ್ಟು ಕಟ್ಟಿಕೊಟ್ಟು, ದುಡ್ಡು ತೆಗೆಯಲು ಹೋದ ಅವರ ಕೈ ಹಿಡಿದುಕೊಂಡು, ಇರಲಿ ಸಾರ್, ನೋಡಿ, ಹುಡುಗೀದು ಸೋಮವಾರ ಪರೀಕ್ಷೆ, ನೀವೇ ಇರ್ತೀರಂತಲ್ಲ ಎಂದೆ. ಬೇಕೆಂದೇ ತುಸು ಗೊಣಗಿದಂತೆ ಹೇಳಿದೆ. ಇಂಥ ಮಾತುಗಳು ಗೊಣಗಿದರೇ ಚೆಂದ.

ಅವರಿಗೆ ಕೋಪ ಬರಲಿಲ್ಲ. ಅಭ್ಯಾಸದಂತೆ ನನ್ನ ಮುಖ ನೋಡುತ್ತ ತಿರುಗಿ ಹೇಳಿದರು.

“ನಾಲ್ಕು ಶರ್ಟು. ದುಡ್ಡು ಬೇಡ. ಸೋಮವಾರ ನಿಮ್ಮ ಮಗಳು ಪಾಸಾಗ್ಬೇಕು. ಸರಿಯೇ?”

ಟೈಲರು ಮಶಿನ್ ತುಳಿಯುವುದನ್ನು ನಿಲ್ಲಿಸಿದ್ದ. ಮೂವತ್ತು ವರ್ಷದಿಂದ ಎಷ್ಟೋ ಸರ್ಕಾರಿ ಟೆಂಡರುಗಳನ್ನು ಗೊಣಗಿಯೇ ಗೆದ್ದ ನನಗೆ ‘ಹೌದು’ ಎಂಬ ಎರಡಕ್ಷರ ಬಾಯಿಗೆ ಬರಲಿಲ್ಲ. ಉತ್ತರ ಬಾರದ ಮಾತು ಅವರ ಪಾಲಿಗೆ ಗಾಳಿ. ದುಡ್ಡನ್ನು ಮೇಜಿನ ಮೇಲಿಟ್ಟು, ಚಿಲ್ಲರೆ ಇಸಿದುಕೊಂಡು ಹೋದರು.

ಸೋಮವಾರ ಅವರು ಅವಳನ್ನು ಫೇಲ್ ಮಾಡಿದರು.

ಏನಾಯಿತೆಂದು ಅವಳೇ ಹೇಳಿದಳು, ಮರುದಿನ, ಗುಂಡಿಯ ಡಬ್ಬಿಗಳನ್ನು ಸುಮ್ಮನೆ ಸರಿಮಾಡುತ್ತ. ಎಲ್ಲ ಚೆನ್ನಾಗಿಯೇ ನಡೆದಿತ್ತಂತೆ. ಎಂಜಿನ್ ಕೆಟ್ಟರೆ ಏನು ಮಾಡಬೇಕು, ಬೆಂಕಿ ಬಿದ್ದರೆ ಏನು, ಎಲ್ಲ ಸರಿ. ಕೊನೆಗೆ ಅವರು ತಾವೇ ಕ್ಯಾಪ್ಟನ್ ಆಗಿ ಹಾರಿಸಿ, ಅವಳನ್ನು ಪಕ್ಕದಲ್ಲಿ ಕೂತು ನೋಡಿಕೊಳ್ಳಲು ಹೇಳಿದರು. ಐದು ಸಾವಿರ ಅಡಿಗೆ ಇಳಿಯಿರಿ ಎಂದು ಆದೇಶ ಬಂತು. ಅವರು ಐದು ಸಾವಿರ ಎಂದು ಬಾಯಲ್ಲಿ ತಿರುಗಿ ಹೇಳಿ, ಕೈಯಲ್ಲಿ ಎತ್ತರದ ಗುಂಡಿಯನ್ನು ನಾಲ್ಕು ಸಾವಿರಕ್ಕೆ ತಿರುಗಿಸಿದರು. ಅವಳು ನೋಡಿದಳು. ಇಷ್ಟು ವರ್ಷದ ಅನುಭವ ಇರುವವರು, ಏನೋ ಕಾರಣ ಇರಬೇಕು ಅಂದುಕೊಂಡಳು. ನಾನ್ಯಾರು ಹೇಳೋಕೆ ಅಂದುಕೊಂಡಳು. ಕಿಟಕಿಯ ತುಂಬ ಬೆಟ್ಟ ಬಂತು. ಅವರು ಯಂತ್ರ ನಿಲ್ಲಿಸಿ, ನಾನು ತಪ್ಪು ಮಾಡಿದ್ದನ್ನು ನೋಡಿದೆಯಾ ಎಂದು ಕೇಳಿದರು.

“ನೋಡ್ದೆ, ಮಾಮ” ಎಂದಳಂತೆ.

ಆ ‘ಮಾಮ’ ಎಂಬುದರಲ್ಲೇ ಅವಳ ಸೀಟು ಹೋಯಿತು. ಮತ್ತೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು.

ನನಗೆ ಬಂದ ಕೋಪವನ್ನು ವರ್ಣಿಸಿದರೆ ನನ್ನ ಮರ್ಯಾದೆ ಹೋದೀತು. ಅವರ ಎರಡು ಪ್ಯಾಂಟನ್ನು ರಾಶಿಯ ಅಡಿಗೆ ತಳ್ಳಲು ಟೈಲರಿಗೆ ಹೇಳಿದೆ ಎಂದಷ್ಟೇ ಹೇಳುತ್ತೇನೆ. ಗುರುವಾರ ಅವರು ಬಂದರು. ಆಗಿಲ್ಲ ಎಂದೆ, ಮುಖ ನೋಡದೆ. ‘ಆಗಿಲ್ಲ. ಸರಿ’ ಎಂದರು. ಹೋಗುತ್ತಾರೆ ಅಂದುಕೊಂಡರೆ ಸ್ಟೂಲು ಎಳೆದುಕೊಂಡು ಕೌಂಟರಿನ ಮುಂದೆ, ನನ್ನ ಮಗಳ ಎದುರಿಗೆ ಕೂತರು.

“ನಿಂಗೆ ವಿಮಾನ ಹಾರ್ಸೋಕೆ ಬರುತ್ತೆ, ಪುಟ್ಟಿ” ಎಂದರು. “ನಂಗಿಂತ ನಯವಾಗಿ ಹಾರಿಸ್ತೀಯ. ತಪ್ಪು ಅನ್ನೋಕೆ ಬರಲ್ಲ. ಅದು ಕಲಿಯೋ ವಿದ್ಯೆ, ಆರು ತಿಂಗ್ಳಿದೆ. ನಾನ್ ಬರ್ತೀನಿ.”

ಅವಳ ಕಣ್ಣು ತುಂಬಿತು. ಅವರು ಮುಖ ನೋಡುತ್ತಲೇ ಕೂತಿದ್ದರು. ಕೊನೆಗೆ ಅವಳು, “ಆರು ತಿಂಗ್ಳು. ನೀವ್ ಬರ್ತೀರ. ಸರಿ” ಎಂದಳು.

ಹಾಗೆ ಶುರುವಾಯಿತು. ರಜೆಯ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ, ಶಟರು ಅರ್ಧ ಎತ್ತುವ ಹೊತ್ತಿಗೆ, ಬಗ್ಗಿ ಒಳಗೆ ಬರುತ್ತಿದ್ದರು. ವಿಮಾನದ ಮುಂಭಾಗದ ಮೀಟರು, ಗುಂಡಿಗಳೆಲ್ಲ ಇರುವ ದೊಡ್ಡ ಚಿತ್ರವೊಂದನ್ನು ಗೋಡೆಯಲ್ಲಿದ್ದ ನನ್ನ ಅಳತೆಯ ಚಾರ್ಟಿನ ಮೇಲೆಯೇ ಅಂಟಿಸಿದರು. ಅದರೆದುರು ಎರಡು ಸ್ಟೂಲು, ಎಡಗಡೆ ಅವರು, ಬಲಗಡೆ ಅವಳು. ಬಟ್ಟೆ ಕತ್ತರಿಸುವ ಮೇಜಿನ ಮೇಲಿಂದ ಗಂಟೆಗೆ ಇನ್ನೂರೈವತ್ತು ಮೈಲಿ ವೇಗದಲ್ಲಿ ಹೋಗುತ್ತಿದ್ದರು. ಅವರು ಬೇಕೆಂದೇ ತಪ್ಪು ಮಾಡಬೇಕು, ಅವಳು ಹಿಡಿಯಬೇಕು. ಇಪ್ಪತ್ತೇಳು ವರ್ಷ ತಪ್ಪು ಮಾಡಬಾರದೆಂದು ಕಲಿತವರು ಈಗ ನೂರಾರು ಬಗೆಯ ತಪ್ಪುಗಳನ್ನು ಮನೆಯಲ್ಲಿ ಕೂತು ಬರೆದುಕೊಂಡು ಬರುತ್ತಿದ್ದರು.

ಮೊದಮೊದಲು ಇವಳು, “ಮಾಮ, ಬಹುಶಃ, ನೀವೊಂದ್ಸಲ ಆ ಕಡೆ ನೋಡಿದ್ರೆ ಒಳ್ಳೇದೇನೋ ಅಂತ...” ಎಂದು ಎಳೆಯುತ್ತಿದ್ದಳು.

“ಇಷ್ಟು ಉದ್ದ ಮಾತಿಗೆ ಬೆಟ್ಟ ಕಾಯಲ್ಲ” ಎನ್ನುತ್ತಿದ್ದರು. “ಬಹುಶಃ ಬೇಡ. ಮಾಮ ಬೇಡ. ಕ್ಯಾಪ್ಟನ್ ಅನ್ನು, ತಪ್ಪೇನು ಅನ್ನು, ಸರಿ ಯಾವ್ದು ಅನ್ನು. ಮೂರೇ.”

ಸ್ಟೂಲಿನ ಮೇಲೆ ಕೂತಾಗ ಮಾತ್ರ ಬಾಯಿ ಬಿಟ್ಟರೆ ಸಾಲದು ಎಂದು ಮನೆಗೆಲಸವನ್ನೂ ಕೊಟ್ಟರು. ದಿನಕ್ಕೆ ಮೂರು ಜನರ ತಪ್ಪನ್ನು ಅವರ ಎದುರಿಗೇ ಹೇಳಬೇಕು. ನನ್ನ ಅಂಗಡಿಯಲ್ಲಿ ದಿನವಿಡೀ ಇರುವವರು ಇಬ್ಬರೇ, ನಾನು ಮತ್ತು ಟೈಲರು. ಟೈಲರು ಕಡಿಮೆ ಮಾತಾಡುತ್ತಾನೆ, ಆದ್ದರಿಂದ ಕಡಿಮೆ ತಪ್ಪು ಮಾಡುತ್ತಾನೆ.

ಒಬ್ಬ ಕಾವಲು ಪಡೆಯ ಅಧಿಕಾರಿ ನಲವತ್ತು ಶರ್ಟಿನ ಆರ್ಡರು ಹಿಡಿದು ಬಂದಿದ್ದ. ಈ ಬಣ್ಣ ಎಷ್ಟು ವರ್ಷ ಬರುತ್ತೆ ಎಂದು ಕೇಳಿದ. ನಾನು ಬಟ್ಟೆಯ ಮೇಲೆ ಪ್ರೀತಿಯಿಂದ ಕೈಯಾಡಿಸುತ್ತ, ನಿಮ್ಮ ಸರ್ವಿಸ್ ಮುಗಿದರೂ ಬಣ್ಣ ಮುಗಿಯೋದಿಲ್ಲ ಸಾರ್ ಎಂದೆ.

ಹಿಂದಿನಿಂದ ಮಗಳ ಧ್ವನಿ ಬಂತು. “ಅಪ್ಪ, ಇದು ಒಂದೂವರೆ ವರ್ಷಕ್ಕೆ ಮಾಸುತ್ತೆ. ಬಾಳಿಕೆ ಬರೋದು ಮೇಲಿನ ಖಾನೆದು.”

ಅಧಿಕಾರಿ ನನ್ನನ್ನೂ ಅವಳನ್ನೂ ನೋಡಿದ. ನಲವತ್ತು ಶರ್ಟು ಬಾಗಿಲು ದಾಟಿ ಹೋದವು. ಟೈಲರು ತಲೆ ತಗ್ಗಿಸಿಕೊಂಡು ಮಶಿನ್ ತುಳಿಯುತ್ತಿದ್ದ, ಸೂಜಿಯಲ್ಲಿ ದಾರವೇ ಇರಲಿಲ್ಲ. ನಾನು ಕ್ಯಾಪ್ಟನ್ನರ ಹತ್ತಿರ ದೂರು ಒಯ್ದೆ. ನಿಮ್ಮ ವಿದ್ಯೆಯಿಂದ ನನ್ನ ವ್ಯಾಪಾರ ಮುಳುಗುತ್ತಿದೆ ಎಂದೆ.

“ಅವಳು ಹೇಳಿದ್ದು ಸುಳ್ಳೇ?”

“ಸುಳ್ಳಲ್ಲ ಸಾರ್, ಆದ್ರೆ...”

“ಹಾಗಾದ್ರೆ ನೀವು ಒಂದೂವರೆ ವರ್ಷ ಅಂತ ತಿರುಗಿ ಹೇಳ್ಬೇಕಿತ್ತು.”

ಅವರ ಮುಖದಲ್ಲಿ ನಗುವೇ ಇರಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು.

ಆ ಆರು ತಿಂಗಳಲ್ಲಿ ನನ್ನ ಮಗಳು ಬೇರೆಯಾದಳು. ಧ್ವನಿ ಏರಿಸುವುದನ್ನು ಅವಳು ಕಲಿಯಲಿಲ್ಲ, ತಗ್ಗಿಸುವುದನ್ನು ಬಿಟ್ಟಳು. ಮನೆಯಲ್ಲಿ ಅಮ್ಮನಿಗೆ ಗ್ಯಾಸ್ ಆರಿಸಿಲ್ಲ ಎನ್ನುವಳು, ನನಗೆ ಮಾತ್ರೆ ನುಂಗಿಲ್ಲ ಎನ್ನುವಳು, ಹೇಳಿ ಸುಮ್ಮನಾಗುವಳು. ನಾವು ತಿರುಗಿ ಹೇಳುವವರೆಗೆ ಮುಖ ನೋಡುತ್ತ ನಿಲ್ಲುವಳು. ನನ್ನ ಹೆಂಡತಿ, “ಒಬ್ರು ಇನ್ನೊಂದ್ಸಲ ಸಾಹೇಬ್ರು ಸಾಲ್ದು ಅಂತ ಮನೇಲೂ ಒಬ್ಳು ತಯಾರಾದ್ಲು” ಎಂದು ಗೊಣಗಿದಳು. ಗೊಣಗಿದ್ದಕ್ಕೆ, ಇನ್ನೊಂದ್ಸಲ ಹೇಳಮ್ಮ ಎನಿಸಿಕೊಂಡಳು.

ಇಷ್ಟರಲ್ಲಿ ಅತ್ತ ಕಂಪನಿಯಲ್ಲಿ ಇವರ ಗ್ರಹಚಾರ ಸರಿಯಿರಲಿಲ್ಲ. ಇಪ್ಪತ್ತು ಜನ ಹೊಸಬರಲ್ಲಿ ಒಂಬತ್ತು ಜನರನ್ನು ಫೇಲ್ ಮಾಡಿದ್ದರು. ದೊಡ್ಡ ಕಂಪನಿಗೆ ಕೊಟ್ಟ ಮಾತಿನಂತೆ ಇಂತಿಷ್ಟು ವಿಮಾನ ದಿನಾ ಹಾರಲೇಬೇಕು, ಹಾರದಿದ್ದರೆ ದಂಡ. ಸೀಟು ಖಾಲಿ ಬಿಡುವಂತಿಲ್ಲ. ಮ್ಯಾನೇಜರು ಕರೆದು ಚಹಾ ಕೊಟ್ಟು, ನಿಮ್ಮ ಅನುಭವಕ್ಕೆ ನೀವು ಹಾರಿಸುತ್ತಿದ್ದರೇ ಶೋಭೆ, ಪರೀಕ್ಷೆಯ ತಾಪತ್ರಯ ನಿಮಗ್ಯಾಕೆ ಎಂದನಂತೆ. ‘ಪರೀಕ್ಷೆ ನಾನು ಮಾಡೋದು ಬೇಡ. ಸರಿಯೇ?’ ಎಂದು ಇವರು ತಿರುಗಿ ಕೇಳಿದರು. ಆ ಮ್ಯಾನೇಜರು ನನಗಿಂತ ಗಟ್ಟಿಗ, ಸರಿ ಎಂದ.

ಹಾಗಾಗಿ ಎರಡನೆಯ ಸಲ ನನ್ನ ಮಗಳ ಪರೀಕ್ಷೆ ಮಾಡಿದವರು ಬೇರೆ ಯಾರೋ. ಇಪ್ಪತ್ತೇ ನಿಮಿಷ, ಪಾಸು. ನಾನು ಬೀದಿಗೆಲ್ಲ ಸಿಹಿ ಹಂಚಿದೆ. ಇವರು ಮಾತ್ರ ಅವಳನ್ನು ಕೇಳಿದ್ದು ಒಂದೇ:

“ಅವ್ರು ಏನಾದ್ರೂ ತಪ್ಪು ಮಾಡಿದ್ರಾ?”

“ಇಲ್ಲ, ಮಾಮ.”

“ಹಾಗಾದ್ರೆ ನಿನ್ ಪರೀಕ್ಷೆ ಇನ್ನೂ ಆಗಿಲ್ಲ” ಎಂದು ಹೇಳಿ, ಅವಳ ಭುಜಕ್ಕೆ ಪಟ್ಟಿಯನ್ನು ತಾವೇ ಸಿಕ್ಕಿಸಿದರು.

ಹತ್ತು ತಿಂಗಳು ಕಳೆಯಿತು. ನನ್ನ ಮಗಳು ದಿನಕ್ಕೆ ನಾಲ್ಕು ಸಲ ಮೇಲೇರಿ ನಾಲ್ಕು ಸಲ ಕೆಳಗಿಳಿಯುತ್ತಿದ್ದಳು. ಪ್ರತಿ ಸಲವೂ ನಾನು ಅಂಗಡಿಯ ಹೊರಗೆ ಬಂದು ಆಕಾಶ ನೋಡುತ್ತಿದ್ದೆ, ಯಾವುದು ಅವಳ ವಿಮಾನ ಎಂದು ಗೊತ್ತಾಗದಿದ್ದರೂ.

ಈಗ ನಮ್ಮ ನಿಲ್ದಾಣದ ಒಂದು ವಿಷಯ ಹೇಳಬೇಕು. ಇಲ್ಲಿ ರನ್‌ವೇ ಎರಡು, ಅಕ್ಕಪಕ್ಕ. ಎಡಗಡೆಯದರ ಹತ್ತಿರ ದೊಡ್ಡ ಕಂಪನಿಯ ಗಾಜಿನ ಕಟ್ಟಡ. ಬಲಗಡೆಯದರ ಆಚೆ ತಗಡಿನ ಶೆಡ್ಡುಗಳು. ಗುತ್ತಿಗೆ ಕಂಪನಿ ಬಂದಮೇಲೆ ಅದರ ವಿಮಾನಗಳಿಗೆಲ್ಲ ಶೆಡ್ಡಿನ ಕಡೆ ಜಾಗ ಕೊಟ್ಟು, ಬಲಗಡೆ ಇಳಿಸತೊಡಗಿದ್ದರು. ಕ್ಯಾಪ್ಟನ್ನರು ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಇಳಿದದ್ದು ಎಡಗಡೆ.

ಆ ದಿನ ಕ್ಯಾಪ್ಟನ್ನರೂ ನನ್ನ ಮಗಳೂ ಒಂದೇ ವಿಮಾನದಲ್ಲಿ. ಅವರಿಗೆ ಅದು ಬೆಳಗಿನಿಂದ ಐದನೆಯ ಹಾರಾಟ, ಬೆಳಿಗ್ಗೆ ನಾಲ್ಕಕ್ಕೆ ಎದ್ದವರು. ಮಧ್ಯಾಹ್ನ ಮೂರೂವರೆಯ ನಿಚ್ಚಳ ಬಿಸಿಲು, ಮೋಡದ ಸುಳಿವಿಲ್ಲ, ಎರಡೂ ರನ್‌ವೇ ಕಣ್ಣೆದುರಿಗೆ. ಬಲಗಡೆ ಇಳಿಯಿರಿ ಎಂದಿತು ಟವರು. ಆ ಸಲ ಹಾರಿಸುತ್ತಿದ್ದವರು ಕ್ಯಾಪ್ಟನ್ನರು, ರೇಡಿಯೋ ಅವಳ ಕೈಯಲ್ಲಿ. ಬಲಗಡೆ ಎಂದು ಅವಳು ತಿರುಗಿ ಹೇಳಿದಳು, ಅವರೂ ಬಲಗಡೆ ಎಂದು ಬಾಯಿಬಿಟ್ಟು ಹೇಳಿದರು. ಹೇಳಿ, ಸಂಜೆ ದನ ಹಟ್ಟಿಗೆ ತಿರುಗುವಷ್ಟು ಸಹಜವಾಗಿ ಎಡಗಡೆಯದಕ್ಕೆ ತಿರುಗಿದರು. ಎಡಗಡೆಯಲ್ಲಿ ದೊಡ್ಡ ಕಂಪನಿಯ ವಿಮಾನವೊಂದು ಜನ ತುಂಬಿಕೊಂಡು ಹೊರಡಲು ನಿಂತಿತ್ತು.

“ಕ್ಯಾಪ್ಟನ್, ಇದು ಎಡ. ನಮ್ದು ಬಲ” ಎಂದಳು ನನ್ನ ಮಗಳು.

“ಇದು ಎಡ, ನಮ್ದು ಬಲ” ಎಂದರು ಅವರು. “ಮೇಲೆ ಹೋಗ್ತಿದೀನಿ.”

ಅಷ್ಟೇ. ವಿಮಾನ ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ, ಬಲಗಡೆ ಇಳಿಯಿತು. ಹನ್ನೆರಡು ನಿಮಿಷ ತಡ. ಹಿಂದೆ ಕೂತಿದ್ದ ಎಪ್ಪತ್ತು ಜನರಲ್ಲಿ ಒಬ್ಬರು ಮುಂದಿನ ಬಸ್ಸು ತಪ್ಪಿತೆಂದು ದೂರು ಬರೆದುಕೊಟ್ಟರಂತೆ.

ಐದು ಗಂಟೆಗೆ ಇವರು ಅಂಗಡಿಗೆ ಬಂದರು, ಸಮವಸ್ತ್ರದಲ್ಲೇ. ತಮ್ಮ ಸ್ಟೂಲಿನ ಮೇಲೆ, ಎಡಗಡೆಯದರ ಮೇಲೆ, ಕೂತು ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದರು. ನಾನು ಚಹಾ ತರಿಸಿದೆ. ನಡೆದದ್ದನ್ನೆಲ್ಲ ಅವರೇ ಹೇಳಿದರು, ಒಂದಕ್ಷರ ಗೊಣಗದೆ.

“ಇವತ್ತು ನಿಮ್ಮ ಮಗಳ ಪರೀಕ್ಷೆ ಆಯ್ತು” ಎಂದರು ಕೊನೆಗೆ. “ಪಾಸು. ನಾನ್ ಫೇಲು.”

ವರದಿಯನ್ನೂ ಅವರೇ ಬರೆದು ಕೊಟ್ಟು ಬಂದಿದ್ದರು. ತಪ್ಪು ನನ್ನದು, ಹಿಡಿದವಳು ಅವಳು. ದೊಡ್ಡ ಕಂಪನಿಯ ಕಾಲದಲ್ಲಿ ಇಂಥ ವರದಿ ಬರೆದರೆ ಒಂದು ವಾರ ಸಿಮ್ಯುಲೇಟರಿಗೆ ಕಳಿಸಿ, ಮತ್ತೆ ಕೆಲಸಕ್ಕೆ ಕರೆದುಕೊಳ್ಳುತ್ತಿದ್ದರಂತೆ. ನಂಬರು ಎಲ್ಲಿಯೂ ಹೋಗುತ್ತಿರಲಿಲ್ಲ. ಗುತ್ತಿಗೆಯಲ್ಲಿ ಬೈಯುವುದೂ ಇಲ್ಲ, ಶಿಕ್ಷೆಯೂ ಇಲ್ಲ. ಎರಡು ತಿಂಗಳಿಗೆ ಒಪ್ಪಂದದ ತಾರೀಖು ಮುಗಿಯಿತು, ಮುಗಿಯಿತು ಎಂದು ಮೂರು ಸಾಲಿನ ಕಾಗದ ಬಂತು.

ನನ್ನ ಮಗಳು ಆ ಕಾಗದದ ಸುದ್ದಿ ಕೇಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ ಕೂತು ಅತ್ತಳು. ನಾನು ಹೇಳಿದ ಸಮಾಧಾನ ಯಾವುದೂ ನಾಟಲಿಲ್ಲ. ಇವರು ಬಂದು ಥಾನು ಸರಿಸಿ ಅವಳ ಪಕ್ಕ ಕೂತರು.

“ನಾನು ಹೇಳ್ದೇ ಇದ್ದಿದ್ರೆ ನಿಮ್ ಕೆಲ್ಸ ಇರ್ತಿತ್ತು, ಮಾಮ.”

“ನೀನು ಹೇಳ್ದೇ ಇದ್ದಿದ್ರೆ?” ಎಂದು ತಿರುಗಿ ಕೇಳಿದರು. ಅವಳು ಉತ್ತರ ಹೇಳುವವರೆಗೂ ಅಲ್ಲಿಂದ ಏಳುವವರಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಸಾಕಷ್ಟು ಹೊತ್ತಾದ ಮೇಲೆ ಇಬ್ಬರೂ ಹೊರಗೆ ಬಂದರು. ಅವಳ ಮೂಗು ಕೆಂಪಾಗಿತ್ತು, ಬೆನ್ನು ನೆಟ್ಟಗಿತ್ತು. ಅವರು ಟೈಲರಿಗೆ ಎರಡು ಶರ್ಟಿನ ಅಳತೆ ಕೊಡುತ್ತೇನೆ ಎಂದರು. ಈ ಸಲ ಭುಜದ ಮೇಲೆ ಪಟ್ಟಿಗೆ ಜಾಗ ಬೇಡ, ಸಾದಾ ಶರ್ಟು.

ಟೈಲರು ಟೇಪು ಹಿಡಿದು ಬರೆಸಿದ. ಎದೆ ನಲವತ್ತೊಂದು, ಸೊಂಟ ಮೂವತ್ತೆಂಟು. ಗುರುವಾರ ಶರ್ಟು ರೆಡಿಯಾದವು. ಆದರೆ ಇಪ್ಪತ್ತನಾಲ್ಕು ವರ್ಷದ ಅಭ್ಯಾಸದ ಕೈ, ಎರಡಕ್ಕೂ ಭುಜದ ಮೇಲೆ ಪಟ್ಟಿ ಸಿಕ್ಕಿಸುವ ಬಟ್ಟೆಯ ಕುಣಿಕೆ ಹೊಲಿದುಬಿಟ್ಟಿತ್ತು. ಟೈಲರು ತಲೆ ಚಚ್ಚಿಕೊಂಡು ಬಿಚ್ಚಲು ಕತ್ತರಿ ತೆಗೆದ. ಅವರು ಬೇಡವೆಂದು ಕೈ ಹಿಡಿದರು. “ನಿನ್ ಕೈಯೂ ಎಡಗಡೆಗೇ ಇಳೀತು ನೋಡು” ಎಂದು, ಆ ಶರ್ಟನ್ನೇ ಹಾಕಿಕೊಂಡು ಹೋದರು.

ಈಗ ಅವರು ಪೈಲಟ್ ಶಾಲೆಯೊಂದರಲ್ಲಿ ವಾರಕ್ಕೆ ಮೂರು ದಿನ ಪಾಠ ಹೇಳುತ್ತಾರೆ. ನನ್ನ ಎರಡು ಸ್ಟೂಲುಗಳು ಅಲ್ಲಿಗೆ ಹೋಗಿವೆ. ಹೋದ ತಿಂಗಳು ಅಳತೆ ತೆಗೆದಾಗ ಅವರ ಎಡಭುಜ ಕಾಲಿಂಚು ಮೇಲೆ ಬಂದಿತ್ತು. ನನ್ನ ಮಗಳು ದಿನಕ್ಕೆ ನಾಲ್ಕು ಸಲ ಮೇಲೇರುತ್ತಾಳೆ, ನಾಲ್ಕು ಸಲ ಇಳಿಯುತ್ತಾಳೆ, ಸಂಜೆ ಬಂದು ನನ್ನ ತಪ್ಪುಗಳನ್ನು ಹೇಳುತ್ತಾಳೆ.

ನನ್ನ ಮಗಳ ಬಾಯಿಗೆ ಮಾತು ಕೊಟ್ಟವರು ಇವರು. ಆ ಮಾತಿಗೆ ಇವರ ಕೆಲಸ ಹೋಯಿತು, ಅದೇ ಮಾತಿನಿಂದ ಅವಳು ಆ ಸಂಜೆ ಮನೆಗೆ ಬಂದಳು. ಪ್ರತಿ ಸಂಜೆ ಅವಳು ಬಾಗಿಲು ತಟ್ಟಿದಾಗ ನಾನು ಈ ಮನುಷ್ಯನಿಗೆ ಋಣಿ.